ಬೈಕಿನ ಆಯಿಲ್ ಪಂಪ್ ಕೈಕೊಟ್ಟರೆ: ಬಿಚ್ಚಿ, ಅಳೆದು, ಸರಿಮಾಡುವ ಸಮಗ್ರ ಮಾರ್ಗದರ್ಶಿ

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವ ಬೈಕಿಗೆ ದಾರಿಯಲ್ಲಿ ಬಿಡುವು ಸಿಗುವುದೇ ಇಲ್ಲ. ಹಿಂದೆ ಒಬ್ಬರು, ಮುಂದೆ ಟ್ಯಾಂಕಿನ ಮೇಲೆ ಒಂದು ಚೀಲ, ಸೆಕೆಂಡ್ ಗೇರು, ತಿರುವಿನ ಮೇಲೆ ತಿರುವು. ಗಾಡಿ ನಿಧಾನ, ಎಂಜಿನ್ ಮಾತ್ರ ಜೋರು. ಗಾಳಿಯಿಂದಲೇ ತಣಿಯುವ 100 ಸಿಸಿ ಎಂಜಿನ್‌ಗೆ ಇದು ದೊಡ್ಡ ಪರೀಕ್ಷೆ. ಆಗ ಎಂಜಿನ್ ಉಳಿಯುವುದು ಆಯಿಲ್‌ನಿಂದ. ಆ ಆಯಿಲನ್ನು ತಳದಿಂದ ಎತ್ತಿ ತಲೆಗೆ ಮುಟ್ಟಿಸುವುದು ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಒಂದು ಪಂಪ್.

ಈ ಪಂಪ್ ಕೆಟ್ಟರೆ ಹೆಚ್ಚಿನ ಕಡೆ ನಡೆಯುವುದು ಒಂದೇ. ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತಾರೆ, ಗಾಡಿ ಕೊಟ್ಟು ಕಳಿಸುತ್ತಾರೆ. ಕೆಲವು ತಿಂಗಳಲ್ಲಿ ಅದೇ ಸದ್ದು, ಅದೇ ಬಿಸಿ. ಪಂಪ್ ತಾನಾಗಿ ಸಾಯುವುದು ಅಪರೂಪ, ಅದನ್ನು ಏನೋ ಒಂದು ಕೊಂದಿರುತ್ತದೆ. ಆ ಕಾರಣವನ್ನು ಹುಡುಕದೆ ಪಂಪ್ ಬದಲಿಸಿದರೆ ಹೊಸ ಪಂಪಿನ ಗತಿಯೂ ಅಷ್ಟೇ. ಹಾಗಾಗಿ ಇಲ್ಲಿ ಬಿಚ್ಚುವುದಕ್ಕಿಂತ ನೋಡುವುದಕ್ಕೂ ಅಳೆಯುವುದಕ್ಕೂ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇದು ನಮ್ಮ ಊರುಗಳಲ್ಲಿ ಓಡುವ 100ರಿಂದ 150 ಸಿಸಿಯ ನಾಲ್ಕು ಸ್ಟ್ರೋಕ್ ಬೈಕ್‌ಗಳಿಗೆ ಬರೆದದ್ದು. ಹಳೆಯ ಎರಡು ಸ್ಟ್ರೋಕ್ ಗಾಡಿಗಳ ಆಯಿಲ್ ಪಂಪಿನ ಕೆಲಸವೇ ಬೇರೆ. ಅದು ಪೆಟ್ರೋಲ್ ಜೊತೆ ಉರಿಯುವ ಆಯಿಲನ್ನು ಕೊಡುತ್ತದೆ. ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಪಂಪ್ ಹೇಗೆ ಕೆಲಸ ಮಾಡುತ್ತದೆ

ಒಳಗೆ ಎರಡು ರೋಟರ್‌ಗಳಿವೆ. ಒಳಗಿನದಕ್ಕೆ ಸಾಮಾನ್ಯವಾಗಿ ನಾಲ್ಕು ಹಲ್ಲು, ಹೊರಗಿನ ಉಂಗುರಕ್ಕೆ ಐದು ಗುಳಿ. ಎರಡರ ಕೇಂದ್ರ ಒಂದೇ ಅಲ್ಲ, ಸ್ವಲ್ಪ ಸರಿದಿರುತ್ತದೆ. ತಿರುಗುವಾಗ ಒಂದು ಬದಿಯಲ್ಲಿ ನಡುವಿನ ಜಾಗ ದೊಡ್ಡದಾಗುತ್ತಾ ಹೋಗುತ್ತದೆ, ಅಲ್ಲಿ ಆಯಿಲ್ ಒಳಗೆ ಬರುತ್ತದೆ. ಇನ್ನೊಂದು ಬದಿಯಲ್ಲಿ ಜಾಗ ಸಣ್ಣದಾಗುತ್ತದೆ, ಅಲ್ಲಿಂದ ಆಯಿಲ್ ಹೊರಗೆ ತಳ್ಳಲ್ಪಡುತ್ತದೆ. ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟದಿಂದ ತಿರುಗುವ ಶಾಫ್ಟ್) ತಿರುಗಿದರೆ ಪಂಪ್ ತಿರುಗುತ್ತದೆ. ನಡುವೆ ಗೇರ್ ಇರುತ್ತದೆ, ಕೆಲವು ಎಂಜಿನ್‌ಗಳಲ್ಲಿ ಸಣ್ಣ ಚೈನು.

ರೋಟರ್‌ಗಳ ನಡುವಿನ ಸಂದು ಕೂದಲಿನಷ್ಟು. ಆ ಸಂದು ಎರಡು ಪಟ್ಟಾದರೆ ಆಯಿಲ್ ಮುಂದೆ ಹೋಗುವ ಬದಲು ಹಿಂದಕ್ಕೇ ಸೋರುತ್ತದೆ. ಎಂಜಿನ್ ತಣ್ಣಗಿದ್ದಾಗ ಆಯಿಲ್ ದಪ್ಪ, ಆಗ ಹೇಗೋ ನಡೆಯುತ್ತದೆ. ಬಿಸಿಯಾಗಿ ತೆಳುವಾದ ಮೇಲೆ ಒತ್ತಡ ಬೀಳುತ್ತದೆ. ಪೇಟೆಯೊಳಗೆ ಚೆನ್ನಾಗಿರುವ ಗಾಡಿ ಘಟ್ಟದ ಅರ್ಧದಲ್ಲಿ ಸದ್ದು ಶುರುಮಾಡುವುದು ಇದಕ್ಕೇ.

ಲಕ್ಷಣಗಳು

ಮೊದಲು ಹೆಡ್‌ನಲ್ಲಿ, ಅಂದರೆ ಎಂಜಿನ್‌ನ ತಲೆಭಾಗದಲ್ಲಿ, ಸದ್ದು. ಟ್ಯಾಪೆಟ್ (ವಾಲ್ವ್ ಸಂದು) ಸರಿಮಾಡಿಸಿದರೂ ಎರಡೇ ದಿನದಲ್ಲಿ ಮತ್ತೆ ಟಕಟಕ. ಆಯಿಲ್ ಮೊದಲು ನಿಲ್ಲುವುದು ಅತಿ ಮೇಲಿನ, ಅತಿ ದೂರದ ಜಾಗಕ್ಕೆ, ಅಂದರೆ ವಾಲ್ವ್ ತೆರೆಯಿಸುವ ಕ್ಯಾಮ್ ಮತ್ತು ರಾಕರ್‌ಗಳಿಗೆ. ಆಮೇಲೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಎಳೆತ ಕಮ್ಮಿಯಾಗುತ್ತದೆ. ಕೊನೆಗೆ ಪಿಸ್ಟನ್ ಹಿಡಿದು ಗಾಡಿ ನಿಂತೇಬಿಡುತ್ತದೆ. ನಮ್ಮ ಸಣ್ಣ ಬೈಕ್‌ಗಳಲ್ಲಿ ಹೆಚ್ಚಿನವಕ್ಕೆ ಆಯಿಲ್ ಒತ್ತಡದ ಎಚ್ಚರಿಕೆ ದೀಪವೇ ಇಲ್ಲ. ಕಿವಿಯೇ ಗತಿ.

ಸದ್ದು ಕೇಳಿದ ಕೂಡಲೇ ಎಂಜಿನ್ ಬಂದ್ ಮಾಡಿ. "ಇನ್ನು ಐದೇ ಕಿಲೋಮೀಟರ್, ಮನೆ ಮುಟ್ಟಿಸುತ್ತೇನೆ" ಅನ್ನುವ ಆಸೆಗೆ ಬೀಳಬೇಡಿ. ಆ ಐದು ಕಿಲೋಮೀಟರಿನಲ್ಲೇ ಕ್ಯಾಮ್ ಸವೆಯುತ್ತದೆ, ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಕೂಡುವ ಜಾಗದ ಬಿಗ್ ಎಂಡ್ ಬೇರಿಂಗ್ ಹೋಗುತ್ತದೆ. ಮೇಲಿಂದ ಬರುವ ಪಿಕಪ್ಪಿಗೋ ಟೆಂಪೋಕ್ಕೋ ಹಾಕಿಸಿ ತನ್ನಿ. ಆ ಬಾಡಿಗೆ ಎಂಜಿನ್ ಕೆಲಸದ ಖರ್ಚಿನ ಮುಂದೆ ಏನೂ ಅಲ್ಲ.

ಬಿಚ್ಚುವ ಮೊದಲು

ಮೊದಲು ಆಯಿಲ್ ಇದೆಯೇ ನೋಡಿ. ಕೇಳಲು ಸಣ್ಣ ಮಾತು, ಆದರೆ "ಪಂಪ್ ಹೋಗಿದೆ" ಅಂತ ಬರುವ ಎಷ್ಟೋ ಗಾಡಿಗಳಲ್ಲಿ ಪಂಪ್ ಸರಿ ಇರುತ್ತದೆ, ಆಯಿಲ್ ಇರುವುದಿಲ್ಲ. ಗಾಡಿಯನ್ನು ಸಮನಾದ ನೆಲದಲ್ಲಿ ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಆಯಿಲ್ ಮಟ್ಟ ತೋರಿಸುವ ಕಡ್ಡಿ ಒರೆಸಿ, ಮತ್ತೆ ಇಟ್ಟು ನೋಡಿ. ಹಲವು ಬೈಕ್‌ಗಳಲ್ಲಿ ಕಡ್ಡಿಯನ್ನು ತಿರುಪಬಾರದು, ಸುಮ್ನೆ ಕೂರಿಸಿ ತೆಗೆಯಬೇಕು. ನಿಮ್ಮದು ಯಾವ ರೀತಿ ಎಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ.

ಆಮೇಲೆ ಬಣ್ಣ. ಕಪ್ಪಾಗಿದ್ದರೆ ಗಾಬರಿ ಬೇಡ. ಚಹಾಕ್ಕೆ ಹಾಲು ಬೆರೆತಂತೆ ಕಂಡರೆ ಒಳಗೆ ನೀರು ಹೋಗಿದೆ. ಇದು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸದಾ ಕಾಡುವ ರೋಗ. 2019ರ ಆಗಸ್ಟ್‌ನಲ್ಲಿ ಗಂಗಾವಳಿ, ಕಾಳಿ ಉಕ್ಕಿದಾಗ ಹೊಳೆಬದಿಯ ಊರುಗಳಲ್ಲಿ ಮನೆಗಳ ಜೊತೆ ಗಾಡಿಗಳೂ ಮುಳುಗಿದವು. ಹಾಗೆ ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡಲೇಬಾರದು. ಮೊದಲು ಆಯಿಲ್ ಇಳಿಸಬೇಕು. ನೀರು ಬೆರೆತ ಆಯಿಲ್‌ಗೆ ಜಾರಿಸುವ ಗುಣ ಹೋಗಿರುತ್ತದೆ, ಜೊತೆಗೆ ಪಂಪಿನ ಉಕ್ಕಿನ ರೋಟರಿಗೆ ತುಕ್ಕು ಹಿಡಿಯುತ್ತದೆ.

ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಜುಲೈಯ ಜಡಿಮಳೆಯಲ್ಲಿ ಮನೆಯಿಂದ ಪೇಟೆಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಆಯಿಲ್ ಮುಚ್ಚಳದ ಒಳಬದಿಯಲ್ಲಿ ಸ್ವಲ್ಪ ಬಿಳಿ ಕೆನೆ ಕಾಣುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆರದೆ ಉಳಿದದ್ದು ಅದು. ಕಡ್ಡಿಯ ತುದಿಯ ಆಯಿಲ್ ಸ್ವಚ್ಛ ಇದ್ದರೆ ಇದಕ್ಕೆ ಎಂಜಿನ್ ಬಿಚ್ಚಬೇಕಾಗಿಲ್ಲ. ಒಂದು ದಿನ ದೂರ ಓಡಿಸಿದರೆ ಹೋಗುತ್ತದೆ.

ಈಗ ಮುಖ್ಯ ಪರೀಕ್ಷೆ. ಆಯಿಲ್ ಹೆಡ್‌ಗೆ ಬರುತ್ತಿದೆಯೇ? ಕೆಲವರು ಟ್ಯಾಪೆಟ್ ಮುಚ್ಚಳ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ ನೋಡುತ್ತಾರೆ. ಪಂಪಿನ ಮೇಲೆ ಅನುಮಾನ ಇರುವಾಗ ಇದು ಬೇಡ. ಎಂಜಿನ್ ಉರಿಯದೆಯೇ ನೋಡುವ ದಾರಿ ಇದೆ. ಕೀ ಆಫ್ ಇರಲಿ. ಸ್ಪಾರ್ಕ್ ಪ್ಲಗ್ ತೆಗೆಯಿರಿ, ಟ್ಯಾಪೆಟ್ ಮುಚ್ಚಳ ತೆಗೆಯಿರಿ. ಪ್ಲಗ್ ಇಲ್ಲದ್ದರಿಂದ ಕಿಕ್ಕರ್ ಹಗುರವಾಗಿ ಹೋಗುತ್ತದೆ. ಒಂದೇ ಸಮನೆ ಕಿಕ್ ಹೊಡೆಯುತ್ತಾ ಹೋಗಿ, ಐವತ್ತು ಅರವತ್ತು ಸಲ ಆದರೂ ಸರಿ. ಪಂಪ್ ಚೆನ್ನಾಗಿದ್ದರೆ ರಾಕರ್ ಹತ್ತಿರ ಹೊಸ ಆಯಿಲ್ ಜಿನುಗಿ ಹೊಳೆಯುತ್ತದೆ. ಮೊದಲೇ ಒಂದು ಬಟ್ಟೆಯಿಂದ ಅಲ್ಲಿನ ಹಳೆ ಆಯಿಲ್ ಒರೆಸಿದ್ದರೆ ಇದು ಸ್ಪಷ್ಟ ಕಾಣುತ್ತದೆ. ಕಿಕ್ಕರ್ ಇಲ್ಲದ ಗಾಡಿಯಾದರೆ ಸೆಲ್ಫ್ ಬೇಕು. ಆಗ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರ, ಎಂಜಿನ್ ಲೋಹಕ್ಕೆ ತಾಗಿಸಿ ಇಡಿ. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ. ಐದು ಸೆಕೆಂಡ್ ಸೆಲ್ಫ್, ಸ್ವಲ್ಪ ಬಿಡುವು, ಮತ್ತೆ ಐದು ಸೆಕೆಂಡ್.

ಕೆಲವು ಎಂಜಿನ್‌ಗಳ ಹೆಡ್‌ನಲ್ಲಿ ಇದಕ್ಕೆಂದೇ ಒಂದು ಸಣ್ಣ ಬೋಲ್ಟ್ ಇದೆ. ಯಮಹಾ ಬೈಕ್‌ಗಳಲ್ಲಿ ಇದು ಸಾಮಾನ್ಯ. ಅದನ್ನು ಸಡಿಲಿಸಿದರೆ ಅಲ್ಲಿಂದ ಆಯಿಲ್ ಜಿನುಗಬೇಕು.

ಆಯಿಲ್ ಬಂತು ಅಂದರೆ ಸದ್ದಿನ ಕಾರಣ ಬೇರೆ ಎಲ್ಲೋ ಇದೆ. ಪಂಪ್ ಬಿಚ್ಚಬೇಡಿ. ಬರಲಿಲ್ಲ ಅಂದರೆ ಮುಂದೆ ಹೋಗೋಣ.

ಬೇಕಾಗುವ ಸಾಮಾನು

8, 10, 12, 14 ಮತ್ತು 17ರ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್. ಸ್ಟಾರ್ ಸ್ಕ್ರೂಗಳಿಗೆ ಇಂಪ್ಯಾಕ್ಟ್ ಡ್ರೈವರ್, ಅಂದರೆ ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಡ್ರೈವರ್. ರಬ್ಬರ್ ಸುತ್ತಿಗೆ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಕಟ್ಟು), ಒಂದು ನೇರ ಉಕ್ಕಿನ ಪಟ್ಟಿ, ಟಾರ್ಕ್ ವ್ರೆಂಚ್ (ಬಿಗಿಯುವ ಬಲ ಅಳೆಯುವ ಸ್ಪ್ಯಾನರ್). ಹೊಸ ಕ್ಲಚ್ ಕವರ್ ಗ್ಯಾಸ್ಕೆಟ್ (ಸೋರದಂತೆ ನಡುವೆ ಕೂರುವ ಹಾಳೆ), ಪಂಪಿನ ಓ ರಿಂಗ್‌ಗಳು (ಸೋರಿಕೆ ತಡೆಯುವ ರಬ್ಬರ್ ಉಂಗುರಗಳು), ಡ್ರೈನ್ ಬೋಲ್ಟಿನ ವಾಷರ್, ಹೊಸ ಆಯಿಲ್. ತೊಳೆಯಲು ಡೀಸೆಲ್. ಪೆಟ್ರೋಲ್ ಬೇಡ. ಮನೆಯ ಹೆಬ್ಬಾಗಿಲಲ್ಲಿ ಕೂತು ಪೆಟ್ರೋಲ್‌ನಲ್ಲಿ ತೊಳೆಯುವಾಗ ಒಂದು ಕಿಡಿ ಸಾಕು.

ಗ್ಯಾಸ್ಕೆಟ್, ಓ ರಿಂಗ್ ಕೈಗೆ ಬಂದ ಮೇಲೆಯೇ ಎಂಜಿನ್ ತೆರೆಯಿರಿ. ಶಿರಸಿ, ಕಾರವಾರದಂಥ ಪೇಟೆಯಲ್ಲಿ ಸಾಮಾನ್ಯ ಬೈಕ್‌ಗಳದ್ದು ಸಿಗುತ್ತದೆ. ಅಪರೂಪದ ಮಾಡೆಲ್ ಆದರೆ ಹುಬ್ಬಳ್ಳಿಯಿಂದ ತರಿಸಬೇಕಾದೀತು. ಅಲ್ಲಿಯವರೆಗೆ ಎಂಜಿನ್ ಬಾಯಿ ತೆರೆದುಕೊಂಡು ಉಪ್ಪುಗಾಳಿಯಲ್ಲಿ ಕೂರಬಾರದು ಅಲ್ವಾ?

ಆಯಿಲ್ ಇಳಿಸಿ, ಕವರ್ ತೆಗೆಯುವುದು

ಕೆಳಗೆ ಸ್ವಚ್ಛ ತಟ್ಟೆ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಇಳಿದ ಆಯಿಲನ್ನು ಬಿಸಿಲಿನಲ್ಲಿ ಹಿಡಿದು ನೋಡಿ, ತಟ್ಟೆಯ ತಳದಲ್ಲಿ ಆಯಸ್ಕಾಂತ ಆಡಿಸಿ. ಆಯಸ್ಕಾಂತಕ್ಕೆ ಮೆತ್ತಿದ ನಯವಾದ ಕಪ್ಪು ಪೇಸ್ಟ್ ಸಹಜ ಸವೆತ. ಚೂರುಗಳು ಹತ್ತಿದರೆ ಗೇರ್ ಅಥವಾ ಬೇರಿಂಗ್ ಒಡೆದಿದೆ. ಆಯಸ್ಕಾಂತಕ್ಕೆ ಹತ್ತದ ಬೆಳ್ಳಿಬಣ್ಣದ ಚೂರು ಅಲ್ಯುಮಿನಿಯಂ. ಅದು ಪಿಸ್ಟನ್, ಹೆಡ್ ಅಥವಾ ಕವಚದ್ದು. ಈ ತಟ್ಟೆಯನ್ನು ಕೆಲಸ ಮುಗಿಯುವವರೆಗೆ ಚೆಲ್ಲಬೇಡಿ.

ಬಲಬದಿಯ ಕಿಕ್ಕರ್ ತೆಗೆಯಿರಿ. ಕ್ಲಚ್ ಕೇಬಲ್ ಬಿಡಿಸಿ. ಕೆಲವು ಗಾಡಿಗಳಲ್ಲಿ ಫುಟ್‌ರೆಸ್ಟ್, ಬ್ರೇಕ್ ಪೆಡಲ್ ಕೂಡ ಅಡ್ಡ ಬರುತ್ತವೆ. ಆಮೇಲೆ ಕ್ಲಚ್ ಕವರಿನ, ಅಂದರೆ ಎಂಜಿನ್‌ನ ಬಲಬದಿಯ ಮುಚ್ಚಳದ ಬೋಲ್ಟ್‌ಗಳು. ಇವುಗಳ ಉದ್ದ ಬೇರೆ ಬೇರೆ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಮಾಡಿ, ತೆಗೆದ ಬೋಲ್ಟನ್ನು ಅದರದೇ ಜಾಗದಲ್ಲಿ ಸಿಕ್ಕಿಸಿ. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಎಂಜಿನ್‌ನ ಕೆಳಗಿನ ಕವಚ, ಅಂದರೆ ಕ್ರ್ಯಾಂಕ್‌ಕೇಸ್ ಸೀಳುತ್ತದೆ.

ಕರಾವಳಿಯ ಗಾಡಿಗಳಿಗೆ ಇಲ್ಲಿ ನಿಜವಾದ ಕಷ್ಟ. ಕಾರವಾರದ ಬೈತಖೋಲ ಬಂದರಿನ ಕಡೆ ದಿನವೂ ನಿಲ್ಲುವ ಬೈಕಿನ ಬೋಲ್ಟ್ ಮತ್ತು ಘಟ್ಟದ ಮೇಲಿನ ಬೈಕಿನ ಬೋಲ್ಟ್ ಒಂದೇ ಅಲ್ಲ. ಅಲ್ಯುಮಿನಿಯಂ ಕವಚ, ಉಕ್ಕಿನ ಬೋಲ್ಟ್, ನಡುವೆ ಉಪ್ಪುನೀರು. ಎರಡು ಲೋಹಗಳ ನಡುವೆ ಬಿಳಿ ಪುಡಿ ಬೆಳೆದು ಬೋಲ್ಟ್ ಅಂಟಿಬಿಡುತ್ತದೆ. ಬಲ ಹಾಕಿದರೆ ತಲೆ ಮುರಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹಾಕಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ನೇರವಾಗಿ ಎರಡು ಪೆಟ್ಟು ಕೊಡಿ. ಮೊದಲು ಬಿಗಿಸುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸುವ ದಿಕ್ಕಿಗೆ. ಅದಕ್ಕೂ ಬಾರದಿದ್ದರೆ ಸುತ್ತಲಿನ ಕವಚವನ್ನು ಹಾಟ್ ಏರ್ ಗನ್‌ನಿಂದ ಬಿಸಿ ಮಾಡಿ. ಆದರೆ ಸ್ಪ್ರೇ ಪೂರ್ತಿ ಒರೆಸಿದ ಮೇಲೆ ಮಾತ್ರ, ಅದು ಬೆಂಕಿ ಹಿಡಿಯುವಂಥದ್ದು. ಅಲ್ಯುಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಬಿಡುತ್ತದೆ. ಬೆಂಕಿಯ ಜ್ವಾಲೆ ಬೇಡ.

ಬೋಲ್ಟ್ ಎಲ್ಲ ಬಂದ ಮೇಲೆ ರಬ್ಬರ್ ಸುತ್ತಿಗೆಯಿಂದ ಕವರಿನ ಅಂಚನ್ನು ತಟ್ಟಿ. ಸಂದಿಗೆ ಸ್ಕ್ರೂ ಡ್ರೈವರ್ ಹಾಕಿ ಮೀಟಲೇಬೇಡಿ. ಆ ಗಾಯದಿಂದ ಮುಂದೆ ಜೀವನಪೂರ್ತಿ ಆಯಿಲ್ ಸೋರುತ್ತದೆ. ಕವರ್ ಬರುವಾಗ ಅದನ್ನು ಸರಿಯಾದ ಜಾಗಕ್ಕೆ ಕೂರಿಸುವ ಸಣ್ಣ ಡವೆಲ್ ಪಿನ್‌ಗಳು ಬಿದ್ದು ಹೋಗದಂತೆ ನೋಡಿ.

ಜಾಲರಿ: ಇಲ್ಲೇ ಅರ್ಧ ಉತ್ತರ

ಪಂಪಿಗೆ ಕೈ ಹಾಕುವ ಮೊದಲು ಆಯಿಲ್ ಜಾಲರಿ ಎಳೆದು ನೋಡಿ. ಹೆಚ್ಚಿನ ಎಂಜಿನ್‌ಗಳಲ್ಲಿ ಇದು ಕ್ರ್ಯಾಂಕ್‌ಕೇಸಿನ ತಳದ ಸೀಳಿನಲ್ಲಿ ಇರುತ್ತದೆ. ಪಂಪ್ ಆಯಿಲ್ ಹೀರುವುದು ಇದರ ಮೂಲಕವೇ. ಇದು ಕಟ್ಟಿದರೆ ಹೊಸ ಪಂಪೂ ಏನೂ ಮಾಡಲಾರದು.

ಅದರಲ್ಲಿ ಸಿಕ್ಕಿದ್ದೇ ನಿಮಗೆ ಕಾರಣ ಹೇಳುತ್ತದೆ. ರಬ್ಬರಿನಂಥ ಕೆಂಪು ಅಥವಾ ಬೂದು ಎಳೆಗಳಿದ್ದರೆ ಹಿಂದೆ ಯಾರೋ ಗ್ಯಾಸ್ಕೆಟ್ ಬದಲು ಸಿಲಿಕಾನ್ ಪೇಸ್ಟ್ ಬಳಿದಿದ್ದಾರೆ. ಒಳಗೆ ಉಬ್ಬಿದ ಪೇಸ್ಟ್ ಕಿತ್ತು ಇಲ್ಲಿಗೆ ಬಂದಿದೆ. ಕಂದು ನಾರು ಕಂಡರೆ ಕ್ಲಚ್ ಪ್ಲೇಟು ಉದುರುತ್ತಿದೆ. ಪ್ಲಾಸ್ಟಿಕ್ ಚೂರು ಕಂಡರೆ ಕ್ಯಾಮ್ ಚೈನ್ ಗೈಡ್ ಅಥವಾ ಪಂಪಿನ ನೈಲಾನ್ ಗೇರ್ ಒಡೆದಿದೆ. ಗಟ್ಟಿ ಕಪ್ಪು ಜಿಗುಟು ಇದ್ದರೆ ಆಯಿಲ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ್ದಾರೆ. ಜಾಲರಿ ತೊಳೆದು ಬೆಳಕಿಗೆ ಹಿಡಿಯಿರಿ. ಹರಿದಿದ್ದರೆ ಹೊಸದು ಹಾಕಿ. ಕೂರಿಸುವಾಗ ದಿಕ್ಕು ಮೊದಲಿನಂತೆಯೇ ಇರಲಿ.

ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಒಂದು ಬಟ್ಟಲು ಇದೆ. ತಿರುಗುವ ರಭಸಕ್ಕೆ ಕಸವನ್ನು ಅಂಚಿಗೆ ತಳ್ಳಿ ಹಿಡಿದಿಡುವ ಫಿಲ್ಟರ್ ಅದು. ಸ್ಪ್ಲೆಂಡರ್ ಬಳಗದ ಬೈಕ್‌ಗಳಲ್ಲಿ ಇದೇ ಇರುವುದು. ಮುಚ್ಚಳ ತೆಗೆದರೆ ಒಳಗೆ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಮರದ ಕಡ್ಡಿಯಿಂದ ಕೆರೆದು ಪೂರ್ತಿ ತೆಗೆಯಿರಿ. ಕೆಸರು ನಡುವಿನ ತೂತಿಗೆ ಬೀಳದಿರಲಿ, ಆ ತೂತು ನೇರ ಕ್ರ್ಯಾಂಕ್‌ಗೆ ಹೋಗುತ್ತದೆ.

ಪಂಪ್ ಬಿಚ್ಚಿ ಅಳೆಯುವುದು

ಗೇರ್ ನೋಡಿ ಮೊದಲು. ಹಲ್ಲು ಹೋಗಿದೆಯೇ? ಕೈಯಿಂದ ತಿರುಗಿಸಿದರೆ ಗೇರ್ ಜೊತೆ ಶಾಫ್ಟೂ ತಿರುಗುತ್ತಿದೆಯೇ? ಗೇರ್ ಮಾತ್ರ ತಿರುಗಿದರೆ ಒಳಗಿನ ಪಿನ್ ತುಂಡಾಗಿದೆ.

ಪಂಪ್ ಹಿಡಿದಿರುವುದು ಸಾಮಾನ್ಯವಾಗಿ ಎರಡು ಮೂರು ಸ್ಕ್ರೂ. ಕೆಲವು ಎಂಜಿನ್‌ಗಳಲ್ಲಿ ಕ್ಲಚ್ ತೆಗೆಯದೆ ಇದು ಹೊರಗೆ ಬಾರದು. ಅದರ ನಟ್‌ಗೆ ವಿಶೇಷ ಸಾಕೆಟ್ ಬೇಕು. ಉಳಿ ಇಟ್ಟು ಹೊಡೆದು ಬಿಚ್ಚುವ ರೂಢಿ ಇದೆ, ಅದನ್ನು ದಯವಿಟ್ಟು ಬಿಡಿ. ಪಂಪ್ ಹೊರಗೆ ಬಂದ ಕೂಡಲೇ ಹಿಂದಿನ ಓ ರಿಂಗ್ ಎಷ್ಟಿದ್ದವು, ಎಲ್ಲಿದ್ದವು ಎಂದು ಫೋನಿನಲ್ಲಿ ಫೋಟೋ ತೆಗೆಯಿರಿ. ಗಟ್ಟಿಯಾದ ಅಥವಾ ಕಾಣೆಯಾದ ಒಂದು ಓ ರಿಂಗ್ ಸಾಕು, ಅಲ್ಲಿಂದ ಪಂಪ್ ಗಾಳಿ ಎಳೆಯುತ್ತದೆ ಅಥವಾ ಒತ್ತಡದ ಆಯಿಲ್ ಸೋರುತ್ತದೆ. ಪಂಪ್ ಹೊಸದಿದ್ದರೂ ಹೆಡ್ ಒಣಗುವುದಕ್ಕೆ ಇದು ದೊಡ್ಡ ಕಾರಣ.

ಪಂಪಿನ ಮುಚ್ಚಳ ತೆಗೆದು, ಹೊರಗಿನ ರೋಟರಿನ ಮೇಲ್ಮುಖಕ್ಕೆ ಮಾರ್ಕರಿನಿಂದ ಗುರುತು ಹಾಕಿ. ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ಒರೆಸಿ. ಈಗ ಮೂರು ಅಳತೆ.

ಒಂದು, ಒಳಗಿನ ರೋಟರಿನ ತುದಿ ಮತ್ತು ಹೊರಗಿನ ರೋಟರಿನ ಉಬ್ಬು ಎದುರುಬದುರು ಬಂದಾಗ ನಡುವಿನ ಸಂದು. ಹೊಸದರಲ್ಲಿ ಸುಮಾರು 0.15 ಮಿಮೀ, 0.20 ದಾಟಿದರೆ ಪಂಪ್ ಮುಗಿದಂತೆ. ಎರಡು, ಹೊರಗಿನ ರೋಟರ್ ಮತ್ತು ಪಂಪಿನ ಗೋಡೆಯ ನಡುವಿನ ಸಂದು. ಇಲ್ಲಿ ಹಲವು ಎಂಜಿನ್‌ಗಳಿಗೆ 0.25 ಮಿಮೀ ಆಸುಪಾಸು ಮಿತಿ. ಮೂರು, ರೋಟರ್ ಮುಖ ಮತ್ತು ಮುಚ್ಚಳದ ನಡುವಿನದು. ಪಂಪಿನ ಬಾಯಿಗೆ ಅಡ್ಡಲಾಗಿ ಉಕ್ಕಿನ ಪಟ್ಟಿ ಇಟ್ಟು, ಅದರ ಕೆಳಗೆ ಫೀಲರ್ ಎಲೆ ತೂರಿಸಿ. 0.10ರಿಂದ 0.15ಕ್ಕಿಂತ ಜಾಸ್ತಿ ಹೋದರೆ ಒತ್ತಡ ನಿಲ್ಲುವುದಿಲ್ಲ. ಇವು ಸಣ್ಣ ಎಂಜಿನ್‌ಗಳ ಸಾಮಾನ್ಯ ಅಳತೆ. ನಿಮ್ಮ ಮಾಡೆಲ್‌ನ ಸರ್ವಿಸ್ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಅಂತಿಮ.

ಅಳತೆ ಸರಿ ಇದ್ದರೂ ಮುಚ್ಚಳದ ಒಳಮೈ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಪಂಪ್ ಬದಲಿಸಿ. ಗಾಜಿನ ಮೇಲೆ ಎಮರಿ ಕಾಗದ ಇಟ್ಟು ಉಜ್ಜಿ ಸಮ ಮಾಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಣ್ಣ ಬೈಕಿನ ಪಂಪ್ ಎಂಜಿನ್‌ನ ಅತಿ ಅಗ್ಗದ ಭಾಗಗಳಲ್ಲಿ ಒಂದು. ಉಳಿದ ಎಮರಿ ಹುಡಿ ಕ್ರ್ಯಾಂಕ್ ಬೇರಿಂಗ್ ಸೇರಿದರೆ ಆಗುವ ಖರ್ಚು ದೊಡ್ಡದು. ಒಂದು ರೋಟರ್ ಮಾತ್ರ ಬದಲಿಸುವುದೂ ಬೇಡ, ಜೊತೆಯಾಗಿ ಸವೆದವು ಜೊತೆಯಾಗಿಯೇ ಹೋಗಲಿ.

ದಾರಿ ಬಿಡಿಸುವುದು

ಪಂಪಿನಿಂದ ಹೊರಟ ಆಯಿಲ್ ಕ್ರ್ಯಾಂಕ್‌ಕೇಸಿನ ತೂತುಗಳಲ್ಲಿ ಹೋಗಿ, ಎಷ್ಟೋ ಎಂಜಿನ್‌ಗಳಲ್ಲಿ ಸಿಲಿಂಡರ್ ಸ್ಟಡ್ಡಿನ ಸುತ್ತಲಿನ ಸಂದಿಯ ಮೂಲಕ ಹೆಡ್‌ಗೆ ಏರುತ್ತದೆ. ಪಂಪ್ ಕೂರುವ ಜಾಗದ ಹೊರಹೋಗುವ ತೂತಿಗೆ ಗಾಳಿ ಹಿಡಿದು ಊದಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು. ಕಣ್ಣಿಗೆ ಕನ್ನಡಕ ಇರಲಿ. ಗಾಳಿ ಹೆಡ್‌ನಲ್ಲಿ ಬರಬೇಕು. ಬಾರದಿದ್ದರೆ ದಾರಿ ಕಟ್ಟಿದೆ, ಸಿಲಿಂಡರ್ ಎತ್ತಬೇಕಾಗುತ್ತದೆ. ಹಿಂದೆ ಹೆಡ್ ಕೆಲಸ ಆಗಿದ್ದರೆ ಗ್ಯಾಸ್ಕೆಟ್ ತಿರುಗಿಸಿ ಹಾಕಿ ಆಯಿಲ್ ತೂತು ಮುಚ್ಚಿರುವುದೂ ಉಂಟು.

ಇದೇ ಹೊತ್ತಿಗೆ ಹೆಡ್ ನೋಡಿ. ಟ್ಯಾಪೆಟ್ ಬಾಯಿಂದ ಬೆಳಕು ಬಿಟ್ಟರೆ ಕ್ಯಾಮ್‌ನ ಮೂಗು ಕಾಣುತ್ತದೆ. ನಯವಾಗಿ ಹೊಳೆದರೆ ಬದುಕಿದೆ. ನೀಲಿ ತಿರುಗಿದ್ದರೆ, ಗುಳಿ ಬಿದ್ದಿದ್ದರೆ ಕ್ಯಾಮ್ ಮತ್ತು ರಾಕರ್ ಎರಡೂ ಬೇಕು. ಕೆಳಗಿನ ಬಿಗ್ ಎಂಡ್ ಪರೀಕ್ಷಿಸಲು ಸಿಲಿಂಡರ್ ತೆಗೆದು, ಪಿಸ್ಟನ್ನಿನ ಕೆಳಗೆ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆಯಬೇಕು. ಅಕ್ಕಪಕ್ಕಕ್ಕೆ ಸ್ವಲ್ಪ ಸರಿದರೆ ಸರಿ, ಮೇಲೆ ಕೆಳಗೆ ಚೂರೂ ಆಡಬಾರದು. ಆಡಿದರೆ ಪಂಪ್ ಕೆಲಸ ಮಾತ್ರ ಮಾಡಿ ಗಾಡಿ ಓಡಿಸುವುದರಲ್ಲಿ ಅರ್ಥವಿಲ್ಲ.

ಮತ್ತೆ ಜೋಡಿಸುವುದು

ಹೊಸ ಪಂಪನ್ನು ಒಣಗಿದ್ದ ಹಾಗೆಯೇ ಕೂರಿಸಬೇಡಿ. ಹೀರುವ ತೂತಿಗೆ ಹೊಸ ಆಯಿಲ್ ಬಿಡುತ್ತಾ ಶಾಫ್ಟನ್ನು ಕೈಯಿಂದ ತಿರುಗಿಸಿ. ಇನ್ನೊಂದು ತೂತಿನಿಂದ ಗುಳ್ಳೆಯಿಲ್ಲದೆ ಆಯಿಲ್ ಬರುವವರೆಗೆ ಹೀಗೆ ಮಾಡಿ. ಒಳಗೆ ಗಾಳಿ ಮಾತ್ರ ಇದ್ದರೆ ರೋಟರ್‌ಗಳಿಗೆ ಆಯಿಲ್ ಎಳೆಯಲು ಕಷ್ಟ, ಮೊದಲ ನಿಮಿಷದಲ್ಲೇ ಗೀರು ಬೀಳುತ್ತದೆ.

ಹೊಸ ಓ ರಿಂಗ್‌ಗಳಿಗೆ ಆಯಿಲ್ ಸವರಿ ಕೂರಿಸಿ. ಪಂಪಿನ ಸ್ಕ್ರೂಗಳು 6 ಮಿಮೀಯವಾದರೆ 10 ನ್ಯೂಟನ್ ಮೀಟರ್ ಹತ್ತಿರ ಸಾಕು. ಬಿಗಿದ ಮೇಲೆ ಗೇರ್ ಕೈಯಿಂದ ಹಗುರವಾಗಿ ತಿರುಗಬೇಕು. ಹಿಡಿದರೆ ಏನೋ ಓರೆಯಾಗಿದೆ, ಬಿಚ್ಚಿ ಮತ್ತೆ ಕೂರಿಸಿ.

ಕವರಿನ ಹಳೆ ಗ್ಯಾಸ್ಕೆಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಕೆರೆಯುವಾಗ ಒಳಗಿನ ತೂತುಗಳಿಗೆ ಬಟ್ಟೆ ತುರುಕಿ, ಆಮೇಲೆ ನೆನಪಿನಿಂದ ತೆಗೆಯಿರಿ. ಡವೆಲ್ ಪಿನ್, ಹೊಸ ಗ್ಯಾಸ್ಕೆಟ್, ಕವರ್. ಪೇಸ್ಟ್ ಬೇಡ. ಬೋಲ್ಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಅದೇ 10 ನ್ಯೂಟನ್ ಮೀಟರಿಗೆ ಬಿಗಿಯಿರಿ. ಕರಾವಳಿಯವರು ಬೋಲ್ಟಿನ ತಿರುಪಿನ ಎಳೆಗಳಿಗೆ ಚೂರು ಗ್ರೀಸ್ ಸವರಿದರೆ ಮುಂದಿನ ಸಲ ಅಂಟುವುದಿಲ್ಲ. ಗ್ರೀಸ್ ಇದ್ದಾಗ ಬೋಲ್ಟ್ ಬೇಗ ಬಿಗಿಯಾಗುತ್ತದೆ, ಕೈ ಸ್ವಲ್ಪ ಹಗುರ ಇರಲಿ. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿಮೀ ಸಡಿಲ ಬಿಡಿ.

ಆಯಿಲ್ ಯಾವುದು? ಗಾಡಿಯ ಪುಸ್ತಕ ಹೇಳಿದ ದಪ್ಪದ್ದೇ, 10ಡಬ್ಲ್ಯೂ30 ಆಗಲಿ 20ಡಬ್ಲ್ಯೂ40 ಆಗಲಿ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (JASO MA, MA2) ಎಂದು ಇರಬೇಕು, ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್‌ನ ಗುರುತು ಅದು. ಕಾರಿನ ಆಯಿಲ್ ಹಾಕಿದರೆ ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್ ಜಾರಬಹುದು. ಕವರ್ ಬಿಚ್ಚಿದ ಮೇಲೆ ಬೇಕಾಗುವ ಪ್ರಮಾಣ ಮಾಮೂಲಿ ಬದಲಾವಣೆಗಿಂತ ಸ್ವಲ್ಪ ಜಾಸ್ತಿ. ಪುಸ್ತಕದಲ್ಲಿ ಎರಡೂ ಅಂಕಿ ಇರುತ್ತವೆ. ಒಂದೆರಡು ಚಮಚ ಆಯಿಲನ್ನು ಟ್ಯಾಪೆಟ್ ಬಾಯಿಂದ ಕ್ಯಾಮ್ ಮೇಲೆ ಬಿಡಿ.

ಸ್ಟಾರ್ಟ್ ಮಾಡುವುದು

ಪ್ಲಗ್ ಹಾಕುವ ಮೊದಲು ಹಿಂದೆ ಮಾಡಿದ ಕಿಕ್ ಪರೀಕ್ಷೆಯನ್ನೇ ಮತ್ತೆ ಮಾಡಿ. ಕೈಯಿಂದ ಬಿಟ್ಟ ಆಯಿಲ್ ಒರೆಸಬೇಡಿ, ಅದರ ಮೇಲೆ ಹೊಸದಾಗಿ ಹರಿದು ಬರುವುದನ್ನು ನೋಡಿ. ಹೆಡ್‌ಗೆ ಆಯಿಲ್ ಬಂದದ್ದು ಕಣ್ಣಾರೆ ಕಂಡ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಮುಟ್ಟದೆ ಒಂದು ನಿಮಿಷ ಓಡಲಿ. ಬಂದ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡಿ. ಜಾಲರಿ, ಬಟ್ಟಲು, ದಾರಿಗಳೆಲ್ಲ ತುಂಬಿಕೊಂಡದ್ದರಿಂದ ಮಟ್ಟ ಇಳಿದಿರುತ್ತದೆ, ಅಷ್ಟು ಸೇರಿಸಿ. ಎಂಜಿನ್ ತಣ್ಣಗಾದ ಮೇಲೆ ಟ್ಯಾಪೆಟ್ ಸಂದು ಹೊಂದಿಸಿ.

ಮೊದಲ ಓಟ ಸಮತಟ್ಟು ದಾರಿಯಲ್ಲಿರಲಿ. ಕಾರವಾರದವರಾದರೆ ಅಂಕೋಲಾ ಕಡೆ ಹೋಗಿ ಬನ್ನಿ, ಅಣಶಿ ಘಟ್ಟ ಈಗಲೇ ಬೇಡ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನಿಂತು ಸದ್ದು ಕೇಳಿ, ಕವರಿನ ಸುತ್ತ ಸೋರಿಕೆ ನೋಡಿ. 300ರಿಂದ 500 ಕಿಲೋಮೀಟರ್ ಒಳಗೆ ಈ ಆಯಿಲನ್ನೂ ಇಳಿಸಿಬಿಡಿ. ದುಬಾರಿ ಅನ್ನಿಸಬಹುದು. ಆದರೆ ಒಣಗಿ ಓಡಿದಾಗ ಉದುರಿದ ಲೋಹದ ಹುಡಿ ಮೂಲೆಗಳಲ್ಲಿ ಉಳಿದಿರುತ್ತದೆ, ಅದನ್ನು ಹೊರಗೆ ತರುವುದು ಈ ಆಯಿಲೇ. ಇಳಿಸಿದಾಗ ಮತ್ತೆ ಆಯಸ್ಕಾಂತ ಆಡಿಸಿ. ಚೂರು ಸಿಗುತ್ತಲೇ ಇದ್ದರೆ ಘಟ್ಟದ ಓಡಾಟ ನಿಲ್ಲಿಸಿ, ಎಂಜಿನ್ ಪೂರ್ತಿ ಬಿಚ್ಚಿಸಿ.

ಹಳೆ ಆಯಿಲನ್ನು ಬೇಲಿಗೂಟಕ್ಕೆ ಗೆದ್ದಲು ಬಾರದಂತೆ ಬಳಿಯುವ ರೂಢಿ ನಮ್ಮಲ್ಲಿದೆ. ತೋಟದ ಕಾಲುವೆ, ಬಾವಿ, ಹಳ್ಳದ ಹತ್ತಿರ ಅದೂ ಬೇಡ. ಮೊದಲ ಮಳೆಗೇ ಅದು ನೀರಿಗೆ ಇಳಿಯುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.